ಚೆಂದವಿದ್ದರಷ್ಟೇ ಸ್ಮಾರಕವೇ?

ಬೇಲೂರು ನೋಡಲು ಬಂದವರು ಹಳೇಬೀಡಿಗೂ ಹೋಗುತ್ತಾರೆ. ಸಮಯ ಉಳಿದರೆ ಬೆಳವಾಡಿಗೆ ಹೋಗಿ ಬರುತ್ತಾರೆ. ಅದೇ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗುವವರು ಕಡಿಮೆ. ಅಲ್ಲಿ ನೋಡಲು ಏನಿದೆ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುವುದೂ ಸ್ವಲ್ಪ ಕಷ್ಟವೇ. ಒಂದು ಮಂಟಪ, ಅದರೊಳಗೆ ಶಾಸನದ ಪ್ರತಿಕೃತಿ. ಮೂಲ ಕಲ್ಲು ಮೈಸೂರಿನಲ್ಲಿದೆ.

ಆ ಮೂಲ ಕಲ್ಲಿನಲ್ಲೂ ಶಿಲ್ಪ ಅನ್ನುವಂಥದ್ದು ಹೆಚ್ಚಿಲ್ಲ. ಮೇಲೊಂದು ಚಕ್ರ, ಕೆಳಗೆ 16 ಸಾಲು ಬರಹ. ಕದಂಬರ ಕಾಲದಲ್ಲಿ ಯುದ್ಧ ಮಾಡಿ ಹೆಸರಾದ ವಿಜ ಅರಸ ಎಂಬುವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’ ಆಗಿ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಕತ್ತಿ ತೊಳೆದು ವೀರನಿಗೆ ಕೊಡುವ ದಾನ ಅದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450. ಕನ್ನಡದ ಅತ್ಯಂತ ಹಳೆಯ ಶಾಸನ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು ಇದನ್ನೇ. ತಾಳಗುಂದದ ಶಾಸನ ಇದಕ್ಕಿಂತ ಹಳೆಯದು ಎಂಬ ವಾದ ಈಚೆಗೆ ಬಂದಿದೆ. ಅದು ನಿಜವಾದರೂ ಹಲ್ಮಿಡಿಯ ಬೆಲೆ ಕುಗ್ಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಈಗ ಒಂದು ಲೆಕ್ಕ ಹಾಕಿ. ಕೆತ್ತನೆ, ಅಳತೆ, ಕಟ್ಟಿದ ಜಾಣ್ಮೆ ಇವಕ್ಕಷ್ಟೇ ಅಂಕ ಕೊಡುವುದಾದರೆ ಹಲ್ಮಿಡಿ ಕಲ್ಲು ಪಾಸಾಗುತ್ತದೆಯೇ? ಇಲ್ಲ. ಆದರೂ ಅದನ್ನು ಬಿಟ್ಟುಕೊಡಲು ಒಬ್ಬ ಕನ್ನಡಿಗನೂ ಒಪ್ಪುವುದಿಲ್ಲ, ಅಲ್ವಾ? ಹಾಗಾದರೆ ನಾವು ಕಾಪಾಡಬೇಕು ಅನ್ನುತ್ತಿರುವುದು ಕಲ್ಲಿನ ಚೆಂದವನ್ನಲ್ಲ. ಸ್ಮಾರಕಗಳ ಸಂರಕ್ಷಣೆಯಲ್ಲಿ ಇದನ್ನು ‘ಸಾಂಸ್ಕೃತಿಕ ಮಹತ್ವ’ ಅನ್ನುತ್ತಾರೆ. ಕಟ್ಟಡ ಹೇಗಿದೆ ಅನ್ನುವುದು ಒಂದು ಪ್ರಶ್ನೆ. ಅಲ್ಲಿ ಏನು ನಡೆಯಿತು, ಇವತ್ತು ಏನು ನಡೆಯುತ್ತಿದೆ, ಯಾರಿಗೆ ಅದು ಯಾಕೆ ಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಕೇಳದೆ ಸಂರಕ್ಷಣೆಗೆ ಕೈಹಾಕಿದರೆ ಕೆಲಸ ಕೆಡುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲೇ ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ.

ಈ ವಿಚಾರ ಹೊಸದೇನಲ್ಲ. ಸಂರಕ್ಷಣಾ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದು ತನ್ನ ಮೊದಲ ವಿಧಿಯಲ್ಲೇ ಇದನ್ನು ಹೇಳಿತು: ಸ್ಮಾರಕ ಅಂದರೆ ದೊಡ್ಡ ಕಲಾಕೃತಿಗಳು ಮಾತ್ರವಲ್ಲ, ಕಾಲ ಕಳೆದಂತೆ ಮಹತ್ವ ಪಡೆದ ಸಾಧಾರಣ ಕಟ್ಟಡಗಳೂ ಸೇರುತ್ತವೆ. ಆಮೇಲೆ 1979ರಲ್ಲಿ ಆಸ್ಟ್ರೇಲಿಯಾದ ತಜ್ಞರು ಬರ್ರಾ ಎಂಬ ಗಣಿ ಊರಿನಲ್ಲಿ ಸೇರಿ ಇನ್ನೊಂದು ಸನ್ನದು ಬರೆದರು. ಸಾಂಸ್ಕೃತಿಕ ಮಹತ್ವವನ್ನು ಬಿಡಿಸಿ ನೋಡುವ ದಾರಿ ತೋರಿಸಿದ್ದು ಇದೇ. ಈಗಿನ ರೂಪದಲ್ಲಿ ಅದು ಐದು ಬಗೆಯ ಮೌಲ್ಯಗಳನ್ನು ಹೇಳುತ್ತದೆ. ಸೌಂದರ್ಯದ್ದು, ಇತಿಹಾಸದ್ದು, ವಿಜ್ಞಾನದ್ದು, ಸಮಾಜದ್ದು, ಆಧ್ಯಾತ್ಮದ್ದು. ಕೇಳಲು ಒಣ ಪಟ್ಟಿಯ ಹಾಗಿದೆ. ಬೇಲೂರಿನ ಒಂದು ಮೂರ್ತಿಯ ಮುಂದೆ ನಿಂತು ನೋಡಿದರೆ ಜೀವ ಬರುತ್ತದೆ.

ಚೆನ್ನಕೇಶವನ ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ್ದು. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಅಂತ ಒಬ್ಬ ಹುಡುಗ ಹೇಳಿದ. ದೋಷವಿದ್ದರೆ ನನ್ನ ಕೈ ಕತ್ತರಿಸಿಕೊಳ್ಳುತ್ತೇನೆ ಅಂತ ಜಕಣ ಪಣ ಕಟ್ಟಿದ. ಮೂರ್ತಿಗೆ ಗಂಧ ಬಳಿದರು. ಹೊಕ್ಕುಳಿನ ಬಳಿ ಮಾತ್ರ ಗಂಧ ಒಣಗಲಿಲ್ಲ. ಕೆದಕಿದರೆ ಒಳಗಿಂದ ನೀರು, ಮರಳು, ಒಂದು ಕಪ್ಪೆ. ಆ ಹುಡುಗ ಬೇರಾರೂ ಅಲ್ಲ, ಜಕಣನ ಮಗ ಡಂಕಣ. ಈ ಕತೆ ಕೇಳದೆ ಬೆಳೆದವರು ನಮ್ಮ ಕಡೆ ಸಿಗುವುದು ಕಷ್ಟ.

ಇತಿಹಾಸಕಾರರನ್ನು ಕೇಳಿ. ಜಕಣಾಚಾರಿಯ ಹೆಸರು ಹೊಯ್ಸಳರ ಶಾಸನಗಳಲ್ಲಿ ಇಲ್ಲ ಅನ್ನುತ್ತಾರೆ. ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿಕೊಂಡ ರೂವಾರಿಗಳು ಬೇರೆಯವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಅಂದರೆ ಕತೆ ಸುಳ್ಳು, ಬಿಟ್ಟುಬಿಡೋಣ ಅನ್ನಬೇಕೇ? ಹಾಗಲ್ಲ. ಮೂರ್ತಿಯ ಕೆತ್ತನೆ ಸೌಂದರ್ಯದ ಲೆಕ್ಕಕ್ಕೆ ಬಂತು. ಶಾಂತಲೆ ಕಟ್ಟಿಸಿದ್ದು ಇತಿಹಾಸದ ಲೆಕ್ಕಕ್ಕೆ. ಬಳಪದ ಕಲ್ಲು ಅಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆ ಗುಣವನ್ನು ಶಿಲ್ಪಿಗಳು ಹೇಗೆ ದುಡಿಸಿಕೊಂಡರು ಎಂದು ತಿಳಿಯುವುದು ವಿಜ್ಞಾನದ ಲೆಕ್ಕಕ್ಕೆ. ಕಪ್ಪೆಯ ಕತೆ ಸಮಾಜದ ಲೆಕ್ಕಕ್ಕೆ. ನಮ್ಮ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯ ಹೆಸರೇ ಜಕಣಾಚಾರಿ ಪ್ರಶಸ್ತಿ. ಶಾಸನದಲ್ಲಿ ಇಲ್ಲದ ಮನುಷ್ಯ ಜನರ ಬಾಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದ್ದಾನೆ. ಒಳಗೆ ದಿನವೂ ನಡೆಯುವ ಪೂಜೆ ಆಧ್ಯಾತ್ಮದ್ದು. ಗೈಡ್ ಕತೆಯನ್ನು ಕತೆ ಅಂತಲೇ ಹೇಳಬೇಕು, ದಾಸೋಜನ ಹೆಸರನ್ನೂ ಹೇಳಬೇಕು. ಅಷ್ಟು ಮಾಡಿದರೆ ಸಾಕು, ಯಾರಿಗೂ ಮೋಸವಾಗುವುದಿಲ್ಲ.

ಇನ್ನು ಯುನೆಸ್ಕೊ ವಿಷಯ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಆವಾಗ ಪಟಾಕಿ ಹೊಡೆದ ನಾವು ಯಾವ ಆಧಾರದ ಮೇಲೆ ಬಂತು ಅಂತ ಜಾಸ್ತಿ ಕೇಳಲಿಲ್ಲ. ಯುನೆಸ್ಕೊಗೆ ಹತ್ತು ಮಾನದಂಡಗಳಿವೆ. ಮೊದಲ ಆರು ಸಂಸ್ಕೃತಿಗೆ, ಉಳಿದ ನಾಲ್ಕು ಪ್ರಕೃತಿಗೆ. ನಮ್ಮ ಹೊಯ್ಸಳ ಗುಡಿಗಳು ಬಂದಿದ್ದು ಒಂದು, ಎರಡು, ನಾಲ್ಕನೆಯ ಮಾನದಂಡಗಳ ಮೇಲೆ. ಅಂದರೆ ಮನುಷ್ಯನ ಪ್ರತಿಭೆಯ ಮೇರು ಕೃತಿ, ಶೈಲಿಗಳ ಕೊಡುಕೊಳ್ಳುವಿಕೆ, ಒಂದು ಬಗೆಯ ಕಟ್ಟಡಕ್ಕೆ ಶ್ರೇಷ್ಠ ಮಾದರಿ. ಮೂರರಲ್ಲೂ ಕಣ್ಣು ಇರುವುದು ಕಲೆ, ಕಟ್ಟಡದ ಮೇಲೆಯೇ. ಆರನೆಯದು ಬೇರೆ. ಅದು ಘಟನೆಗಳಿಗೆ, ಜೀವಂತ ಸಂಪ್ರದಾಯಗಳಿಗೆ, ನಂಬಿಕೆಗಳಿಗೆ ನೇರ ನಂಟಿರುವ ಜಾಗಗಳಿಗೆ. ಅದು ನಮ್ಮ ಲೆಕ್ಕದಲ್ಲಿ ಇಲ್ಲ.

ಇದನ್ನು ದೂರಾಗಿ ಹೇಳುತ್ತಿಲ್ಲ. ಆರನೆಯದನ್ನು ಒಂಟಿಯಾಗಿ ಬಳಸಬೇಡಿ, ಬೇರೆ ಮಾನದಂಡದ ಜೊತೆ ಬಳಸುವುದು ಒಳ್ಳೆಯದು ಅಂತ ಯುನೆಸ್ಕೊ ಸಮಿತಿಯೇ ಹೇಳುತ್ತದೆ. ಒಂಟಿಯಾಗಿ ಬಂದವೂ ಇವೆ. ಹಿರೋಷಿಮಾದಲ್ಲಿ ಅಣುಬಾಂಬಿಗೆ ಸುಟ್ಟು ನಿಂತ ಗುಮ್ಮಟದ ಕಟ್ಟಡ 1996ರಲ್ಲಿ ಪಟ್ಟಿ ಸೇರಿದ್ದು ಆರನೆಯದೊಂದರ ಮೇಲೆಯೇ. ಅದನ್ನು ಚೆಂದ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಕೂಡ ಹಾಗೆಯೇ. ನೋಡಲು ಸಾಮಾನ್ಯ ಬಾರ್ ಅಷ್ಟೇ. 1969ರಲ್ಲಿ ಪೊಲೀಸ್ ದಾಳಿಗೆ ಸಲಿಂಗಿಗಳು ಎದುರು ನಿಂತ ಜಾಗ ಅಂತ ಆ ನಗರ 2015ರಲ್ಲಿ ಅದಕ್ಕೆ ಸ್ಮಾರಕದ ರಕ್ಷಣೆ ಕೊಟ್ಟಿತು.

ನಮ್ಮ ಕಾನೂನು ಏನು ಹೇಳುತ್ತದೆ? 1958ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿರಬೇಕು, ಜೊತೆಗೆ ಇತಿಹಾಸದ, ಪುರಾತತ್ವದ ‘ಅಥವಾ’ ಕಲೆಯ ಆಸಕ್ತಿ ಇರಬೇಕು. ಆ ‘ಅಥವಾ’ ದೊಡ್ಡದು. ಕೆತ್ತನೆ ಇಲ್ಲದಿದ್ದರೂ ಇತಿಹಾಸ ಇದ್ದರೆ ಸಾಕು. ಬಾಗಿಲು ತೆರೆದೇ ಇದೆ, ನಾವು ಒಳಗೆ ಹೋಗುವುದು ಕಡಿಮೆ. ಪೂಜೆಯ ವಿಷಯದಲ್ಲಿ ಪುರಾತತ್ವ ಇಲಾಖೆಯ ನಿಲುವು ನೇರವಾಗಿದೆ. ಸಂರಕ್ಷಣೆಗೆ ತೆಗೆದುಕೊಂಡಾಗ ಪೂಜೆ ನಡೆಯುತ್ತಿದ್ದರೆ ಮುಂದುವರಿಯಲಿ, ನಿಂತು ಹೋಗಿದ್ದರೆ ಹೊಸದಾಗಿ ಶುರು ಮಾಡುವಂತಿಲ್ಲ. 2010ರ ತಿದ್ದುಪಡಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಅಂತ ಗೆರೆ ಎಳೆಯಿತು. ಗುಡಿಯ ಪಕ್ಕದಲ್ಲೇ ಮನೆಯಿರುವವರಿಗೆ ರಿಪೇರಿಗೂ ಅನುಮತಿ ಬೇಕು. ತೇರು ಎಳೆಯುವವರು, ಹೂವು ಕಟ್ಟುವವರು, ವಾದ್ಯ ನುಡಿಸುವವರು ಗುಡಿಯ ಸುತ್ತಲಿನ ಬೀದಿಗಳಲ್ಲೇ ಬಾಳಿದವರು. ಅವರು ಬೇಸತ್ತು ಬೇರೆ ಕಡೆ ಮನೆ ಮಾಡಿದರೆ ಕಲ್ಲು ಉಳಿಯುತ್ತದೆ, ತೇರು ಎಳೆಯುವ ಕೈ ಕಡಿಮೆಯಾಗುತ್ತದೆ. ಆ ನಿಯಮ ಬೇಡ ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಗೋಪುರದ ಪಕ್ಕದಲ್ಲೇ ಲಾಡ್ಜ್ ಏಳುತ್ತಿತ್ತು. ಆದರೆ ಮೀಟರಿನ ಲೆಕ್ಕ ಹಾಕುವಾಗ ಅಲ್ಲಿ ಬಾಳುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೋಪುರ ಅಂದಾಗ ನೆನಪಾಯಿತು. ಬೇಲೂರಿನ ಹೆಬ್ಬಾಗಿಲ ಗೋಪುರ ಹೊಯ್ಸಳರದ್ದಲ್ಲ, ವಿಜಯನಗರ ಕಾಲದ್ದು. ಗರ್ಭಗುಡಿಯ ಮೇಲಿನ ಶಿಖರ 19ನೇ ಶತಮಾನದಲ್ಲೇ ಇಳಿದು ಹೋಯಿತು. ‘ಅಸಲಿ ಹೊಯ್ಸಳ ಶೈಲಿ ಮಾತ್ರ ಇರಲಿ’ ಅಂತ ಹಟ ಹಿಡಿದರೆ ಗೋಪುರವನ್ನು ಏನು ಮಾಡುತ್ತೀರಿ? 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿದ ದಿನಕ್ಕೆ ಗುಡಿ ನಿಂತುಹೋಗಲಿಲ್ಲ. ಬಂದವರೆಲ್ಲ ಏನೋ ಸೇರಿಸಿದರು, ರಿಪೇರಿ ಮಾಡಿದರು, ಉಂಬಳಿ ಬಿಟ್ಟರು. ಆ ಪದರಗಳೆಲ್ಲ ಸೇರಿಯೇ ಬೇಲೂರು.

ಕಟ್ಟಡ ಸಣ್ಣದು, ಮಹತ್ವ ದೊಡ್ಡದು ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹಳೆಯ ಹೆಸರು ಸೊಸೆವೂರು. ಹೊಯ್ಸಳರ ಮೂಲ ಊರು ಇದೇ ಅಂತ ವಿದ್ವಾಂಸರು ಗುರುತಿಸುತ್ತಾರೆ. ‘ಹೊಯ್ ಸಳ’ ಅಂತ ಜೈನ ಗುರು ಕೂಗಿದ್ದು, ಸಳ ಹುಲಿಯನ್ನು ಹೊಡೆದದ್ದು, ವಾಸಂತಿಕಾ ದೇವಿಯ ಸನ್ನಿಧಿ, ಎಲ್ಲ ಇಲ್ಲಿನ ಕತೆಯೇ. ಬೇಲೂರಿನ ಬಾಗಿಲಲ್ಲಿ ಸಳ ಹೋರಾಡುವ ಲಾಂಛನ ಇದೆಯಲ್ಲ, ಪ್ರವಾಸಿಗರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಲಾಂಛನದ ಕತೆ ಹುಟ್ಟಿದ ಊರಿಗೆ ಬಂದರೆ ಸಿಗುವುದು ಕಾಫಿ ತೋಟಗಳ ನಡುವಿನ ದೇವಿಯ ಗುಡಿ, ಕೆಲವು ಹಳೆಯ ಬಸದಿಗಳು. ಕೆತ್ತನೆಯಲ್ಲಿ ಹಳೇಬೀಡಿನ ಒಂದು ಗೋಡೆಗೂ ಅವು ಸಾಟಿಯಲ್ಲ. ಆದರೆ ಒಂದು ರಾಜವಂಶ ಮಲೆನಾಡಿನ ಇಂಥ ಮೂಲೆಯಿಂದ ಎದ್ದು ಬಂತು ಅನ್ನುವುದು ಹಳೇಬೀಡಿನಲ್ಲಿ ನಿಂತರೆ ತಿಳಿಯುವುದಿಲ್ಲ. ಇಲ್ಲಿಗೇ ಬರಬೇಕು.

ಶೃಂಗೇರಿಯಲ್ಲಿ ಒಂದೇ ಆವರಣದಲ್ಲಿ ಎರಡೂ ಬಗೆ ಸಿಗುತ್ತವೆ. ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು. ಹನ್ನೆರಡು ರಾಶಿ ಕಂಬಗಳು, ಎತ್ತರದ ಅಧಿಷ್ಠಾನ, ನೋಡುತ್ತಾ ನಿಂತರೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ಪಕ್ಕದ ಶಾರದಾಂಬೆಯ ಗುಡಿ ಈಗಿನ ರೂಪದಲ್ಲಿ ಕಳೆದ ಶತಮಾನದ್ದು. ಮೊದಲು ಅಮ್ಮನವರ ಮೂರ್ತಿ ಗಂಧದ ಮರದ್ದಾಗಿತ್ತು ಅಂತ ಮಠದ ಪರಂಪರೆ ಹೇಳುತ್ತದೆ. ಜನ ಎಲ್ಲಿ ಸಾಲು ನಿಲ್ಲುತ್ತಾರೆ ನೋಡಿ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದು ಅಮ್ಮನ ಮುಂದೆ. ಕಟ್ಟಡ ಬದಲಾಯಿತು, ಮೂರ್ತಿಯೂ ಬದಲಾಯಿತು, ಮಹತ್ವ ಬದಲಾಗಲಿಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಮರ ಹೊಸದು, ಕಟ್ಟುವ ವಿದ್ಯೆ ಹಳೆಯದು. ಯುರೋಪಿನವರ ಕಣ್ಣಿಗೆ ಅದು ನಕಲು ಅಂತ ಕಾಣುತ್ತಿತ್ತು. 1994ರಲ್ಲಿ ಅದೇ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು ಒಂದು ಮಾತಿಗೆ ಬಂದರು: ಯಾವುದು ಅಸಲಿ ಅನ್ನುವುದನ್ನು ಆಯಾ ಸಂಸ್ಕೃತಿಯೊಳಗೆ ನಿಂತೇ ತೂಗಬೇಕು.

ಇಷ್ಟು ಓದಿ ‘ಹಾಗಾದರೆ ಭಕ್ತಿ ಇದ್ದರೆ ಸಾಕು, ಕಲ್ಲು ಹೋದರೆ ಹೋಗಲಿ’ ಅಂದುಕೊಂಡರೆ ಅಲ್ಲೇ ಅಪಾಯ. ನಮ್ಮ ಹಳ್ಳಿಗಳಲ್ಲಿ ನಡೆಯುವ ಜೀರ್ಣೋದ್ಧಾರಗಳನ್ನು ನೋಡಿದವರಿಗೆ ಇದು ಗೊತ್ತು. ಊರವರು ಚಂದಾ ಎತ್ತುತ್ತಾರೆ, ಶ್ರದ್ಧೆಯಲ್ಲಿ ಕೊರತೆಯಿಲ್ಲ. ಹಳೆಯ ಕಲ್ಲಿನ ನೆಲದ ಮೇಲೆ ಟೈಲ್ಸ್ ಬರುತ್ತದೆ. ಕಂಬಗಳಿಗೆ ಎಣ್ಣೆ ಬಣ್ಣ. ಹಳೆಯ ಬಣ್ಣ, ಜಿಡ್ಡು ತೆಗೆಯಲು ಯಂತ್ರದಿಂದ ಮರಳು ಚಿಮ್ಮಿಸುತ್ತಾರೆ. ಕಲ್ಲಿನ ಮೇಲ್ಮೈ ಒಂದು ಪದರ ಹೋಗುತ್ತದೆ. ಬಳಪದ ಕಲ್ಲಾದರೆ ಕೆತ್ತನೆಯ ಅಂಚುಗಳೆಲ್ಲ ಮೊಂಡಾಗುತ್ತವೆ. ಗೋಡೆಯಲ್ಲಿ ಶಾಸನವಿದ್ದರೆ ಅದರ ಅಕ್ಷರವೂ ಅದರ ಜೊತೆಗೇ ಹೋಯಿತು. ಬಿರುಕಿಗೆ ಸಿಮೆಂಟ್ ತುಂಬುತ್ತಾರೆ. ಸುಣ್ಣದ ಗಾರೆಯಾದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ, ತೇವ ಕಲ್ಲಿನೊಳಗೇ ಕೂತು ಉಪ್ಪು ಕಟ್ಟುತ್ತದೆ, ಕೆಲವು ವರ್ಷಗಳಲ್ಲಿ ಕಲ್ಲೇ ಪುಡಿ ಉದುರುತ್ತದೆ. ಇಲ್ಲಿ ಊರಿಗೆ ಗುಡಿಯ ಅರ್ಥ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿರುವುದು ಕಟ್ಟಡದ ಭಾಷೆ. ದೊಡ್ಡ ಸ್ಮಾರಕಗಳಲ್ಲಿ ಇದು ತಿರುಗುಮುರುಗು ಆಗುತ್ತದೆ. ಅಲ್ಲಿ ಇಂಜಿನಿಯರಿಗೆ ಕಲ್ಲು ಗೊತ್ತು, ಊರಿನ ನೆನಪು ಗೊತ್ತಿಲ್ಲ.

ಎರಡೂ ಒಟ್ಟಿಗೆ ಹೋಗಬಲ್ಲವು ಅನ್ನುವುದಕ್ಕೆ ಶ್ರವಣಬೆಳಗೊಳ ಇದೆ. ಸುಮಾರು 57 ಅಡಿಯ ಗೊಮ್ಮಟ, 981ರ ಹೊತ್ತಿಗೆ ಚಾವುಂಡರಾಯ ಮಾಡಿಸಿದ್ದು. ಸುಮಾರು 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದ ಬಾರಿ ನಡೆದಿದ್ದು 2018ರಲ್ಲಿ. ಮೂರ್ತಿಯ ಹಿಂದೆ ಅಟ್ಟಣಿಗೆ ಎದ್ದು ನಿಲ್ಲುತ್ತದೆ. ಹಾಲು, ಎಳನೀರು, ಅರಿಶಿನ, ಗಂಧ ಮೇಲಿನಿಂದ ಸುರಿಯುತ್ತವೆ, ಕೊನೆಗೆ ನೀರು. ಕಲ್ಲನ್ನಷ್ಟೇ ನೋಡುವವನು ಇದು ಬೇಡ ಅನ್ನಬಹುದು. ಆದರೆ ಅಭಿಷೇಕ ನಿಲ್ಲಿಸಿದ ಗೊಮ್ಮಟ ಯಾವ ಗೊಮ್ಮಟ? ಕತೆಯೇ ಅಭಿಷೇಕದ್ದು. ಚಾವುಂಡರಾಯ ಎಷ್ಟು ಹಾಲು ಸುರಿದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಒಬ್ಬ ಮುದುಕಿ ಗುಳ್ಳದ ಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೆ ಹರಿಯಿತು. ಆ ಗುಳ್ಳಕಾಯಜ್ಜಿಯ ಮೂರ್ತಿ ಇವತ್ತಿಗೂ ಗೊಮ್ಮಟನ ಎದುರಿಗೇ ನಿಂತಿದೆ. ಅಧಿಕಾರ, ಹಣ ಎರಡೂ ಇದ್ದವನ ಎದುರು ಒಬ್ಬ ಬಡ ಅಜ್ಜಿಗೆ ಜಾಗ ಕೊಟ್ಟ ಸ್ಮಾರಕ ನಮ್ಮಲ್ಲಿ ಎಷ್ಟಿವೆ? ಹಾಗಾಗಿ ಇಲ್ಲಿ ಸಂರಕ್ಷಣೆ ಅಂದರೆ ಅಭಿಷೇಕವನ್ನು ತಡೆಯುವುದಲ್ಲ. ಅಭಿಷೇಕಕ್ಕೆ ಮೊದಲೂ ಆಮೇಲೂ ಕಲ್ಲನ್ನು ಪರೀಕ್ಷಿಸುವುದು, ಬಿರುಕು ಗುರುತಿಸುವುದು, ಸುರಿದದ್ದು ಮೈಮೇಲೆ ನಿಲ್ಲದಂತೆ ತೊಳೆಯುವುದು.

ಪೂಜೆಯೂ ಇಲ್ಲ, ಸೂರೂ ಇಲ್ಲದ ಕಡೆ ಏನು ಮಾಡಬೇಕು? ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ಅಂಥದ್ದು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಜನ ಬೇರೆಡೆಗೆ ಹೋದರು. ಚರ್ಚ್ ಮಾತ್ರ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಏಳುತ್ತದೆ. ಗೋಡೆ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಈಗ ಅಲ್ಲಿ ಮದುವೆಗೆ ಮೊದಲಿನ ಫೋಟೋಶೂಟ್‌ಗಳೇ ಜಾಸ್ತಿ. ಮತ್ತೆ ಸೂರು ಹಾಕಿ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು. ಸೂರು ಹಾಕಿದರೆ ಚರ್ಚ್ ಬರುತ್ತದೆ, ಮುಳುಗಿದ ಊರುಗಳ ಗುರುತು ಅಳಿಯುತ್ತದೆ. ಈಗ ಅದರ ಮಹತ್ವ ಇರುವುದೇ ಆ ಮುಳುಗುವಿಕೆಯಲ್ಲಿ. ಎಷ್ಟು ಬೇಕೋ ಅಷ್ಟು ಮಾಡಿ, ಆದಷ್ಟು ಕಡಿಮೆ ಮಾಡಿ ಅನ್ನುತ್ತದೆ ಬರ್ರಾ ಸನ್ನದು. ಬೀಳುವ ಗೋಡೆಗೆ ಆಸರೆ ಕೊಡಿ, ಹತ್ತುವವರನ್ನು ತಡೆಯಿರಿ. ಅದಕ್ಕಿಂತ ಮೊದಲು ಆ ಹಳ್ಳಿಗಳಿಂದ ಎದ್ದು ಹೋದ ಹಿರಿಯರನ್ನು ಕೂರಿಸಿಕೊಂಡು ಯಾರ ಮನೆ ಎಲ್ಲಿತ್ತು, ಹಬ್ಬ ಹೇಗೆ ನಡೆಯುತ್ತಿತ್ತು ಅಂತ ಬರೆದಿಡಿ. ಗೋಡೆಗಿಂತ ಅವರಿಗೆ ಸಮಯ ಕಡಿಮೆ.

ಕಷ್ಟದ ಪ್ರಶ್ನೆ ಒಂದು ಉಳಿಯಿತು. ಯಾರ ಮಹತ್ವ? ಬಾಬಾಬುಡನ್‌ಗಿರಿಯ ಗುಹೆ ಒಂದೇ. ದತ್ತಾತ್ರೇಯನ ಭಕ್ತರಿಗೂ ಅದು ಬೇಕು, ಸೂಫಿ ಸಂತ ದಾದಾ ಹಯಾತರ ಭಕ್ತರಿಗೂ ಬೇಕು. ಕಾಫಿ ಬೆಳೆಗಾರರಿಗೆ ಅದೇ ಗಿರಿ ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕತೆಯ ಗಿರಿ. ವ್ಯಾಜ್ಯ ಕೋರ್ಟು ಹತ್ತಿದೆ. ಬೇಲೂರಿನ ರಥೋತ್ಸವದಲ್ಲಿ ತೇರಿನ ಮುಂದೆ ಕುರಾನ್ ಓದುವ ಪದ್ಧತಿಯ ಬಗ್ಗೆಯೂ ಈಚಿನ ವರ್ಷಗಳಲ್ಲಿ ತಕರಾರು ಎದ್ದಿದೆ. ಕಟ್ಟಡದ ಶೈಲಿಯ ಬಗ್ಗೆ ಇಷ್ಟು ಜಗಳ ಬರುವುದಿಲ್ಲ, ಅದಕ್ಕೇ ಇಲಾಖೆಗಳಿಗೆ ಶೈಲಿಯ ಮಾತು ಸಲೀಸು. ಆದರೆ ಸುಮ್ನೆ ಇದ್ದರೆ ಜಗಳ ತಪ್ಪುವುದಿಲ್ಲ, ಯಾರ ದನಿ ದೊಡ್ಡದೋ ಅವರ ಅರ್ಥ ಉಳಿಯುತ್ತದೆ ಅಷ್ಟೇ. ಒಂದೇ ಜಾಗಕ್ಕೆ ಹಲವು ಮೌಲ್ಯಗಳಿದ್ದರೆ, ಅವು ಒಂದಕ್ಕೊಂದು ಎದುರಾಗಿದ್ದರೆ ವಿಶೇಷವಾಗಿ, ಎಲ್ಲವನ್ನೂ ಗುರುತಿಸಿ ಗೌರವಿಸಿ ಅನ್ನುವುದು ಬರ್ರಾ ಸನ್ನದಿನ ಮಾತು. ತೀರ್ಪು ಕೊಡುವುದು ಸಂರಕ್ಷಕನ ಕೆಲಸವಲ್ಲ. ಯಾವುದನ್ನೂ ಬಿಡದೆ ದಾಖಲಿಸುವುದು ಅವನ ಕೆಲಸ.

ಆ ದಾಖಲೆಗೆ ‘ಮಹತ್ವದ ಹೇಳಿಕೆ’ ಅನ್ನಬಹುದು. ಒಂದೆರಡು ಪುಟ ಸಾಕು. ಎಸ್ಟಿಮೇಟ್‌ಗಿಂತ ಮೊದಲು ಬರೆಯಬೇಕು ಅನ್ನುವುದೇ ಅದರ ಗುಟ್ಟು. ಚಿಕ್ಕಮಗಳೂರಿಗೆ ಅಂಟಿಕೊಂಡಿರುವ ಹಿರೇಮಗಳೂರಿನ ಕೋದಂಡರಾಮನಿಗೆ ಅಂಥದ್ದೊಂದು ಬರೆಯಲು ಕೂತರೆ ಏನೇನು ಬರುತ್ತದೆ ನೋಡಿ. ಗರ್ಭಗುಡಿಯ ಕಡೆ ಹೊಯ್ಸಳ ಶೈಲಿ, ಉಳಿದದ್ದು ಆಮೇಲಿನ ದ್ರಾವಿಡ ಶೈಲಿ. ಕಟ್ಟಡದ ಮಾತು ಇಷ್ಟಕ್ಕೆ ಮುಗಿಯುತ್ತದೆ. ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಪರಶುರಾಮನಿಗೆ ಮದುವೆಯ ರೂಪದಲ್ಲಿ ದರ್ಶನ ಕೊಟ್ಟದ್ದು ಅಂತ ಸ್ಥಳಪುರಾಣ. ಇದು ನಂಬಿಕೆಯ ಪುಟ. ಇನ್ನು ನಾಡಿನ ತುಂಬ ಈ ಗುಡಿ ಹೆಸರಾಗಿರುವುದು ಇಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ ಅನ್ನುವ ಕಾರಣಕ್ಕೆ. ಅದನ್ನು ಕಾಪಾಡಲು ಯಾವ ಕಲ್ಲಿನ ಕಾಯ್ದೆಯೂ ಬರುವುದಿಲ್ಲ. ಹಾಗಾಗಿ ಈ ಗುಡಿಯ ಮಹತ್ವದ ಹೇಳಿಕೆಯಲ್ಲಿ ಮಾಡಬೇಕಾದ ಕೆಲಸಗಳ ಕಾಲಂ ಬಂದಾಗ, ಸೂರಿನ ಸೋರಿಕೆ ತಡೆಯುವುದಕ್ಕಿಂತ ಮೇಲೆ ನಾನು ಇನ್ನೊಂದು ಸಾಲು ಬರೆಯುತ್ತೇನೆ: ಕನ್ನಡದ ಪೂಜಾವಿಧಿಯನ್ನು ಪೂರ್ತಿಯಾಗಿ ರೆಕಾರ್ಡ್ ಮಾಡುವುದು, ಮುಂದೆ ಪೂಜೆ ಮಾಡುವ ಹುಡುಗರಿಗೆ ಅದನ್ನು ಕಲಿಸುವುದು.